ಪಟ್ಟಗಾರರ ಹೋರಿಗಳು

ತಮಿಳು ಸಿನಿಮಾದ ಗೌಂಡರ್ ನಮಗೆ ಹೊಸಬನಲ್ಲ. ‘ಚಿನ್ನ ಗೌಂಡರ್’ ಕನ್ನಡಕ್ಕೆ ‘ಚಿಕ್ಕೆಜಮಾನ್ರು’ ಆಗಿ ಬಂದ, ‘ನಾಟ್ಟಾಮೈ’ ‘ಸಿಂಹಾದ್ರಿಯ ಸಿಂಹ’ನಾದ. ಹೆಗಲ ಮೇಲೆ ಶಲ್ಯ, ಕಟ್ಟೆಯ ಮೇಲೆ ನ್ಯಾಯ, ಗಂಟಲು ಸರಿಮಾಡಿಕೊಂಡರೆ ಊರೇ ಗಪ್‌ಚುಪ್. ಈ ಪಾತ್ರಗಳು ಹುಟ್ಟಿದ ಕೊಂಗುನಾಡಿನಲ್ಲಿ ನಿಜವಾದ ಯಜಮಾನರ ಮನೆತನವೊಂದು ತನ್ನ ಕೊಟ್ಟಿಗೆಯಿಂದಲೇ ಹೆಸರಾಯಿತು.

ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಸೀಮೆಯ ಪಳೈಯಕೋಟ್ಟೈ ಈ ಮನೆತನದ ಊರು. ಇಲ್ಲಿನ ಒಡೆಯರನ್ನು ಜನ ಪಟ್ಟಗಾರರು ಎನ್ನುತ್ತಾರೆ. ಕಾಂಗೇಯಂ ದನದ ತಳಿ ಇಂದಿನ ರೂಪಕ್ಕೆ ಬಂದ ಶ್ರೇಯಸ್ಸು ಪಟ್ಟಗಾರ ನಲ್ಲತಂಬಿ ಸರ್ಕರೈ ಮನ್ರಾಡಿಯಾರ್ ಅವರಿಗೆ ಸಲ್ಲುತ್ತದೆ. ನೇಗಿಲಿಗೂ ಗಾಡಿಗೂ ಹೂಡದೆ, ಬರೀ ಬೀಜಕ್ಕೆಂದೇ ಹೋರಿ ಸಾಕುವುದು ಬಡ ರೈತನ ಕೈಲಾಗುವ ಮಾತಲ್ಲ. ಜಮೀನು, ಆಳುಕಾಳು, ತಲೆಮಾರುಗಟ್ಟಲೆ ಕಾಯುವ ವ್ಯವಧಾನ ಎಲ್ಲವೂ ಬೇಕು. ಇಂಗ್ಲೆಂಡಿನ ತಳಿಗಾರರು ಶಾರ್ಟ್‌ಹಾರ್ನ್ ದನಗಳಿಗೆ ಮಾಡಿದ್ದನ್ನೇ ಇವರು ಇಲ್ಲಿನ ದನಗಳಿಗೆ ಮಾಡಿದರು.

ಕಾಂಗೇಯಂ ಕರು ಹುಟ್ಟುವಾಗ ಕೆಂಪು. ಸುಮಾರು ಆರು ತಿಂಗಳಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹೋರಿ ಬಲಿತಂತೆ ಹಿಣಿಲು, ಮುಂಗಾಲಿನ ಮೇಲ್ಭಾಗ, ಹಿಂಭಾಗ ಕಪ್ಪಾಗುತ್ತವೆ. ಹಾಲು ಕಮ್ಮಿ, ಕಸುವು ಜಾಸ್ತಿ. ತಳಿಶಾಸ್ತ್ರದವರು ಇದನ್ನು ನಮ್ಮ ಹಳ್ಳಿಕಾರ್, ಅಮೃತಮಹಲ್‌ಗಳ ಜತೆ ಮೈಸೂರು ಬಗೆಯ ದನಗಳ ಗುಂಪಿಗೆ ಸೇರಿಸುತ್ತಾರೆ. ಪಕ್ಕದ ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ಬರಗೂರು ದನವೂ ಇದೇ ಗುಂಪಿನದು.

ತಳಿಯ ಗುಟ್ಟು ಅರ್ಧ ಇರುವುದು ಕೊರಂಗಾಡು ಎಂಬ ಹುಲ್ಲುಗಾವಲಿನಲ್ಲಿ. ಪಶ್ಚಿಮಘಟ್ಟದ ಮರೆಗೆ ಬಿದ್ದ ಈ ಸೀಮೆಗೆ ಮಳೆ ಕಡಿಮೆ. ರೈತರು ಬೆಳೆ ನಂಬದೆ ಹೊಲವನ್ನೇ ಹುಲ್ಲುಗಾವಲಾಗಿ ಬಿಟ್ಟರು. ಕೆಳಗೆ ಬರ ತಡೆಯುವ ಕೊಳುಕ್ಕಟ್ಟೈ ಹುಲ್ಲು, ನಡುನಡುವೆ ನೆರಳಿಗೂ ಕಾಯಿಗೂ ಬಿಳಿಜಾಲಿ ಮರ, ಸುತ್ತ ಕಿಳುವೈ ಎಂಬ ಮುಳ್ಳುಗಿಡದ ಜೀವಂತ ಬೇಲಿ. ಒಳಗೆ ಬಿಟ್ಟ ದನಕ್ಕೆ ದನಗಾಹಿ ಬೇಕಿಲ್ಲ. ಒಂದು ತಾಕಿನ ಹುಲ್ಲು ಮುಗಿದರೆ ಇನ್ನೊಂದಕ್ಕೆ ಅಟ್ಟಿದರಾಯಿತು.

ಕಪಿಲೆ ಬಾವಿಯಿಂದ ನೀರೆತ್ತುತ್ತಿದ್ದವು ಈ ಎತ್ತುಗಳೇ. ಪಕ್ಕದ ಕೊಯಮತ್ತೂರು ಪಂಪುಗಳ ತವರಾಯಿತು. ಮೋಟಾರು ಬಂದು ಎತ್ತುಗಳ ನೊಗ ಇಳಿಸಿತು. ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ಹಾಲಿಗೆ ಜರ್ಸಿ ಮಿಶ್ರತಳಿ ಬಂತು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು ಹಳ್ಳಿಯ ಹುಡುಗರನ್ನು ಕರೆದುಕೊಂಡವು. ಕಾಂಗೇಯಂಗೆ ಕೆಲಸವೇ ಇಲ್ಲದಂತಾಯಿತು.

ಉಳಿದದ್ದು ಜಲ್ಲಿಕಟ್ಟಿನ ಅಂಗಳ. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ನಿಷೇಧಿಸಿದಾಗ ಹೋರಿ ಸಾಕುವವರು ಕಂಗಾಲಾದರು. 2017ರ ಜನವರಿಯಲ್ಲಿ ಚೆನ್ನೈನ ಮರೀನಾದಲ್ಲಿ ಯುವಜನ ಧರಣಿ ಕೂತರು, ಕಾನೂನು ತಿದ್ದುಪಡಿಯಾಯಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ನಮ್ಮ ಕಂಬಳದ ಕಾಯ್ದೆಯ ಜತೆಗೇ ಎತ್ತಿಹಿಡಿಯಿತು. ಮರೀನಾದ ಆ ಚಳವಳಿಯಲ್ಲಿ ಕೇಳಿಬಂದ ದನಿಗಳಲ್ಲೊಂದು ಕಾರ್ತಿಕೇಯ ಶಿವಸೇನಾಪತಿಯವರದು. ಕುಟ್ಟಪಾಳಯಂನಲ್ಲಿ ಅವರು ಕಟ್ಟಿದ ಸೇನಾಪತಿ ಕಾಂಗೇಯಂ ದನಗಳ ಸಂಶೋಧನಾ ಪ್ರತಿಷ್ಠಾನ ತಳಿಯ ಜತೆ ಕೊರಂಗಾಡನ್ನೂ ಉಳಿಸಲು ಹೆಣಗುತ್ತಿದೆ. ಚಿತ್ತಿರೈ ತಿಂಗಳಲ್ಲಿ ವೆಳ್ಳಕೋಯಿಲ್ ಬಳಿಯ ಕಣ್ಣಪುರಂ ಮಾರಿಯಮ್ಮನ ಜಾತ್ರೆಗೆ ಹೋದರೆ ಕಾಂಗೇಯಂ ಜೋಡಿಗಳನ್ನು ಕಣ್ತುಂಬ ನೋಡಬಹುದು.

ಮೈಸೂರಿನಲ್ಲಿ ಅಮೃತಮಹಲ್‌ಗೆ ಅರಮನೆಯ ಆಸರೆಯಿತ್ತು, ಕಾವಲುಗಳಿದ್ದವು. ಅರಮನೆ ಹೋಗಿ ಸರ್ಕಾರ ಬಂದ ಮೇಲೆ ಚಳ್ಳಕೆರೆಯ ಕಾವಲಿನಂಥವು ಯೋಜನೆಗಳ ಪಾಲಾದವು. ಕೊರಂಗಾಡು ಹಾಗಲ್ಲ, ಅದರ ಪತ್ರ ರೈತನ ಹೆಸರಿನಲ್ಲೇ ಇದೆ. ಪಟ್ಟಗಾರರ ದೌಲತ್ತು ಈಗಿಲ್ಲ, ತಳಿಯ ಭಾರ ಸಣ್ಣ ಹಿಡುವಳಿದಾರನ ಹೆಗಲಿಗೆ ಬಿದ್ದಿದೆ. ಹೋರಿಗೆ ಒಳ್ಳೆಯ ಬೆಲೆ ಸಿಗುತ್ತಿರುವ ತನಕ ಅವನು ಬೇಲಿ ಕೀಳಲಾರ. ಸೈಟಿನ ಬೆಲೆ ಅದನ್ನು ಮೀರಿದ ದಿನ ಕೀಳದಿರು ಎನ್ನುವ ಹಕ್ಕು ಬೇರೆಯವರಿಗಿಲ್ಲ.