ಒರಸಬ್ಯಾಡ, ಮೊದಲು ಆಕಾಶ ನೋಡು

ಟೆಲಿಸ್ಕೋಪ್ ಇಟ್ಟುಕೊಂಡವರಿಗೆ ಜನ ಕೇಳುವ ಮೊದಲ ಪ್ರಶ್ನೆ, "ಇದಕ್ಕ ಎಷ್ಟ ರೊಕ್ಕ?" ಎರಡನೆಯದು, "ಎಷ್ಟ ದೂರ ಕಾಣತೈತಿ?" ಮೂರನೆಯದು ಪ್ರಶ್ನೆಯಲ್ಲ, ಸಹಾಯ. ಹೆಗಲ ಮೇಲಿನ ಟವೆಲ್ ತೆಗೆದು, "ಗ್ಲಾಸ್ ಭಾಳ ಹೊಲಸಾಗೇತಿ, ತಡೀರಿ ಒರಸ್ತೀನಿ" ಎಂದು ಮುಂದೆ ಬರುತ್ತಾರೆ. ಆ ಟವೆಲನ್ನು ತಡೆಯುವುದೇ ಎರಡು ವರ್ಷಗಳಿಂದ ನನ್ನ ಕೆಲಸ.

ನಾನು ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಮನೆ ಗೋಕಾಕದಲ್ಲಿ. ಟೆಲಿಸ್ಕೋಪ್ ನನ್ನದಲ್ಲ, ಮೂಡಲಗಿಯಲ್ಲಿರುವ ಸೋದರಮಾವನದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಅವರು ಮೊದಲು ಕೊಂಡದ್ದು ಇದನ್ನೇ. ಅತ್ತೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಮುಂದಿನ ಲೆನ್ಸಿನ ವ್ಯಾಸ 90 ಮಿ.ಮೀ., ಫೋಕಲ್ ಲೆಂಗ್ತ್ 900 ಮಿ.ಮೀ. ಹಿಂದೆ 10 ಮಿ.ಮೀ. ಐಪೀಸ್ ಹಾಕಿದರೆ 90 ಪಟ್ಟು ದೊಡ್ಡದಾಗಿ ಕಾಣುತ್ತದೆ. ಶನಿಯ ಉಂಗುರ, ಗುರುವಿನ ನಾಲ್ಕು ಚಂದ್ರರು, ನಮ್ಮ ಚಂದ್ರನ ಕುಳಿಗಳಿಗೆ ಇಷ್ಟು ಸಾಕು. ಮೂರೂ ತಾಲ್ಲೂಕುಗಳ ಶಾಲೆಯ ಅಂಗಳಗಳಿಗೆ ಇದು ಬೈಕಿನ ಹಿಂದೆ ಕಟ್ಟಿಸಿಕೊಂಡು ಹೋಗಿದೆ. ಈಗ ಮಾಮಾಗೆ ಮೊಣಕಾಲು ನೋವು. ಹಾಗಾಗಿ ಹೊತ್ತುಕೊಂಡು ಹೋಗುವುದು, ಜೋಡಿಸುವುದು, ಸಾಲು ಹಚ್ಚಿಸಿ ತೋರಿಸುವುದು ನನ್ನ ಪಾಲಿಗೆ ಬಂದಿದೆ.

ಮುಂದಿನ ಲೆನ್ಸಿನ ಮೇಲೆ ಧೂಳು ಕಂಡಾಗ ಎಲ್ಲರಿಗೂ ಕೈ ತುರಿಸುತ್ತದೆ. ಆದರೆ ಆ ಧೂಳು ನಾವು ನೋಡುವ ಚಿತ್ರದಲ್ಲಿ ಕಾಣುವುದೇ ಇಲ್ಲ. ಏಕೆಂದರೆ ಚಂದ್ರನ ಪ್ರತಿಯೊಂದು ಬಿಂದುವಿನ ಬೆಳಕೂ ಇಡೀ ಲೆನ್ಸಿನ ಮೇಲೆ ಬಿದ್ದು ಹಿಂದೆ ಒಂದೆಡೆ ಸೇರುತ್ತದೆ. ಒಂದು ಕಣ ತನ್ನಷ್ಟಗಲದ ಬೆಳಕನ್ನು ತಡೆಯಬಹುದು, ಅಷ್ಟೆ. ಲೆಕ್ಕ ಹಾಕಿ ನೋಡಿ: 90 ಮಿ.ಮೀ. ಲೆನ್ಸಿನ ವಿಸ್ತೀರ್ಣ ಸುಮಾರು 6,360 ಚದರ ಮಿ.ಮೀ. ಅದರ ಮೇಲೆ 0.2 ಮಿ.ಮೀ. ಅಗಲದ ಸಾವಿರ ಕಣಗಳು ಕೂತರೂ ಮುಚ್ಚುವುದು 31 ಚದರ ಮಿ.ಮೀ. ಮಾತ್ರ, ಅಂದರೆ ಶೇ 0.5. ಇಷ್ಟು ಬೆಳಕು ಕಡಿಮೆಯಾದರೆ ಯಾವ ಕಣ್ಣಿಗೂ ಗೊತ್ತಾಗುವುದಿಲ್ಲ. ಅಮೆರಿಕದ ಪಾಲೊಮಾರ್‌ನಲ್ಲಿ 1948ರಲ್ಲಿ ಉದ್ಘಾಟನೆಯಾದ, ಸುಮಾರು 5 ಮೀಟರ್ ಕನ್ನಡಿಯ ಹೇಲ್ ಟೆಲಿಸ್ಕೋಪಿನೊಳಗೆ ಖಗೋಳ ವಿಜ್ಞಾನಿ ಕೂರಲೆಂದೇ ಒಂದು ಪಂಜರವಿತ್ತು. ಬೆಳಕಿನ ದಾರಿಯಲ್ಲೇ ಮನುಷ್ಯ ಕೂತರೂ ಫೋಟೊದಲ್ಲಿ ಅವನು ಬರುತ್ತಿರಲಿಲ್ಲ!

ಹಾಗಾದರೆ ಒರೆಸಿದರೆ ಏನು ನಷ್ಟ? ಇದಕ್ಕೆ ಉತ್ತರ ನಮ್ಮ ಊರಿನ ಕಲ್ಲಿನಲ್ಲೇ ಇದೆ. ಗೋಕಾಕ ಜಲಪಾತದಲ್ಲಿ ಘಟಪ್ರಭಾ ಧುಮುಕುವುದು ಕ್ವಾರ್ಟ್ಜ್ ತುಂಬಿದ ಮರಳುಗಲ್ಲಿನ ಮೇಲಿಂದ. ಅದೇ ಕಲ್ಲು ಪುಡಿಯಾಗಿ ರಸ್ತೆಯ ಧೂಳಿನಲ್ಲೂ ಬೆರೆತಿದೆ. ಗಡಸುತನದ ಮೋಹ್ಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಸಾಮಾನ್ಯ ಗಾಜು ಸುಮಾರು 5.5. ಒಣ ಬಟ್ಟೆಯಿಂದ ಒರೆಸುವುದೆಂದರೆ ಗಾಜಿಗೆ ಸಣ್ಣಗೆ ಉಸುಕಿನ ಕಾಗದ ತಿಕ್ಕಿದಂತೆ. ಗಾಜಿನ ಮೇಲೆ ಮೆಗ್ನೀಷಿಯಂ ಫ್ಲೋರೈಡಿನ ಲೇಪನ ಬೇರೆ ಇರುತ್ತದೆ. ಲೇಪನವಿಲ್ಲದ ಗಾಜು ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇ 4ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ, ಲೇಪನವಿದ್ದರೆ ಶೇ 1.5ಕ್ಕಿಂತ ಕಡಿಮೆ. ಆ ಲೇಪನದ ದಪ್ಪ ಸುಮಾರು 100 ನ್ಯಾನೋಮೀಟರ್, ಕೂದಲೆಳೆಯ ಏಳೆಂಟು ನೂರರಲ್ಲಿ ಒಂದು ಪಾಲು. ಅದು ಹೋದರೆ ಹೋಯಿತು. ಕವಲೂರಿನ 2.34 ಮೀಟರಿನ ವೇಣು ಬಾಪು ಟೆಲಿಸ್ಕೋಪಿನಲ್ಲಿರುವುದು ಕನ್ನಡಿ. ಅಂಥ ಕನ್ನಡಿಯ ಹಳೆಯ ಅಲ್ಯೂಮಿನಿಯಂ ಪದರ ತೆಗೆದು ಹೊಸದು ಹಚ್ಚಬಹುದು. ನಮ್ಮ ಲೆನ್ಸಿಗೆ ಮತ್ತೆ ಲೇಪನ ಹಾಕಿಕೊಡುವವರನ್ನು ಗೋಕಾಕದ ಪೇಟೆಯಲ್ಲಿ ಎಲ್ಲಿ ಹುಡುಕುವುದು?

ಮಾಮಾನ ಲೆನ್ಸಿನ ಮೇಲೆ ಐದು ಗೆರೆಗಳಿವೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಮಾಮಾ ಚಹಾ ಕುಡಿಯಲು ಹೋದಾಗ, ಅಲ್ಲಿನವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, ಹಲಗೆ ಒರೆಸುವ ಬಟ್ಟೆಯಿಂದ ಅದನ್ನು ಫಳಫಳ ಮಾಡಿಟ್ಟಿದ್ದರು. ಈಗಲೂ ಗುರುವಿನಂಥ ಹೊಳೆಯುವ ಗ್ರಹ ನೋಡಿದರೆ ಆ ಗೆರೆಗಳಿಗೆ ಅಡ್ಡಲಾಗಿ ಬೆಳಕಿನ ತೆಳ್ಳನೆಯ ಎಳೆ ಹೊರಡುತ್ತದೆ. ಮಕ್ಕಳು, "ಅಕ್ಕಾ, ಗುರುಗ್ರಹಕ್ಕ ಬಾಲ ಐತೇನ?" ಎಂದು ಕೇಳುತ್ತಾರೆ. ಮಾಮಾ ಮಾತ್ರ ಏನೂ ಹೇಳುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಈ ಡಿಸೆಂಬರಿನಲ್ಲಿ ಲೆನ್ಸ್ ತೊಳೆಯಲೇಬೇಕು ಎಂದು ನಾನು ಹಟ ಹಿಡಿದೆ. ಕಾರಣ ಧೂಳಲ್ಲ, ಮಸಿ. ನಮ್ಮ ಕಡೆ ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ಬೆಂಕಿ ಹಚ್ಚುತ್ತಾರೆ. ಸುಡದೆ ಮಣ್ಣಿಗೆ ಹೊದಿಸಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ಆದರೆ ಕೂಳೆ ಬೆಳೆಗೆ ಹೊಲ ಬೇಗ ಹಸನಾಗಬೇಕು, ಆಳು ಸಿಗುವುದಿಲ್ಲ ಎಂಬುದು ರೈತರ ಕಷ್ಟ. ಸಂಜೆ ಕರಿ ಮಸಿ ಹಾರಿ ಬಂದು ಒಣಗಲು ಹಾಕಿದ ಬಟ್ಟೆಯ ಮೇಲೂ ಲೆನ್ಸಿನ ಮೇಲೂ ಕೂರುತ್ತದೆ. ಒಣಗಿದ್ದರೆ ಗಾಳಿ ಊದಿದರೆ ಹಾರಿ ಹೋಗುತ್ತದೆ. ಆದರೆ ಹಿಡಕಲ್ ಜಲಾಶಯದ ಹಿನ್ನೀರಿನ ಹತ್ತಿರ, ಕಾಲುವೆ ನೀರಾವರಿಯ ಹೊಲಗಳ ನಡುವೆ ಚಳಿಗಾಲದ ರಾತ್ರಿ ಇಬ್ಬನಿ ಬೀಳುತ್ತದೆ. ಲೆನ್ಸ್ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದರಿಂದ ಇಬ್ಬನಿ ಅದರ ಮೇಲೂ ಕಟ್ಟುತ್ತದೆ. ಮಸಿ ಅದರಲ್ಲಿ ನೆನೆದು ಒಣಗಿ ಜಿಡ್ಡಿನ ಪರದೆಯಾಗುತ್ತದೆ. ಸಾಲದ್ದಕ್ಕೆ ಕರದಂಟು ತಿಂದ ಕೈಯ ಒಂದು ಬೆರಳಚ್ಚೂ ಬಿದ್ದಿತ್ತು. ಬೆಲ್ಲ, ತುಪ್ಪ ಎರಡೂ! ಬಿಡಿ ಕಣಗಳು ಬೆಳಕನ್ನು ತಡೆಯುತ್ತವೆ, ಜಿಡ್ಡು ಬೆಳಕನ್ನು ಚದುರಿಸುತ್ತದೆ. ಬೆರಳಿನ ಎಣ್ಣೆಯನ್ನು ಬಹಳ ದಿನ ಬಿಟ್ಟರೆ ಲೇಪನಕ್ಕೂ ಕಲೆ ಹಿಡಿಯಬಹುದು.

"ಮುಟ್ಟಬ್ಯಾಡ ಯವ್ವಾ, ಹಂಗ ಇರಲಿ" ಎಂದರು ಮಾಮಾ.

"ಚಂದ್ರನ ಸುತ್ತ ಮಂಜು ಕಾಣತೈತ್ರಿ ಮಾಮಾ."

"ಮಂಜು ಲೆನ್ಸಿನ್ಯಾಗ ಐತೋ, ಆಕಾಶದಾಗ ಐತೋ? ಬ್ಯಾಟರಿ ಹಚ್ಚಿ ಗ್ಲಾಸ್ ನೋಡಬ್ಯಾಡ. ಮೊದಲ ಆಕಾಶ ನೋಡು."

ಅವರ ಮಾತು ಸರಿ. ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟರೆ ಅಂಗಡಿಯಿಂದ ಆಗಷ್ಟೇ ತಂದ ಲೆನ್ಸೂ ಕೊಳಕಾಗಿಯೇ ಕಾಣುತ್ತದೆ. ಆದ್ದರಿಂದ ಮೂರು ರಾತ್ರಿ ಪರೀಕ್ಷೆ ಮಾಡಿದೆವು. ಬರಿಗಣ್ಣಿಗೆ ಚಂದ್ರನ ಸುತ್ತ ಮಬ್ಬು ಇಲ್ಲದ ರಾತ್ರಿಯಲ್ಲೂ ಟೆಲಿಸ್ಕೋಪಿನಲ್ಲಿ ಚಂದ್ರನ ಅಂಚಿನಾಚೆಯ ಕಪ್ಪು ಬೂದಿಬಣ್ಣಕ್ಕೆ ತಿರುಗಿತ್ತು. ಐಪೀಸ್ ಬದಲಿಸಿದರೂ ಹಾಗೇ ಇತ್ತು. ಇದನ್ನು ಎಲ್ಲರೂ ಮೊದಲು ಮಾಡಬೇಕು. ರೆಪ್ಪೆಯ ಜಿಡ್ಡು ಮೆತ್ತುವುದು ಐಪೀಸಿಗೆ, ಬೈಸಿಕೊಳ್ಳುವುದು ಮುಂದಿನ ಲೆನ್ಸ್! ನಮ್ಮಲ್ಲಿ ಎರಡು ಐಪೀಸುಗಳನ್ನು ಶುದ್ಧ ಮಾಡಿದ ಮೇಲೂ ಮಬ್ಬು ಉಳಿಯಿತು. ಆಗ ಮಾಮಾ ಒಪ್ಪಿದರು.

ಬೇಕಾದ ಸಾಮಾನಿಗೆ ಪುಣೆಗೆ, ಬೆಂಗಳೂರಿಗೆ ಹೋಗಬೇಕಿಲ್ಲ. ಔಷಧಿ ಅಂಗಡಿಯಲ್ಲಿ ಆಸ್ಪತ್ರೆಯ ಹತ್ತಿ, ಡಿಸ್ಟಿಲ್ಡ್ ವಾಟರ್, ಕಿವಿ ತೊಳೆಯುವ ರಬ್ಬರ್ ಬಲ್ಬ್ ಸಿಕ್ಕವು. ಮೊಬೈಲ್ ರಿಪೇರಿ ಅಂಗಡಿಯ ಅಣ್ಣ ಸರ್ಕಿಟ್ ಬೋರ್ಡ್ ತೊಳೆಯುವ ಐಸೊಪ್ರೊಪೈಲ್ ಆಲ್ಕೊಹಾಲ್ ಕೊಟ್ಟ. ಬೋರಿನ ನೀರು ಬೇಡ, ಒಣಗಿದ ಮೇಲೆ ಸುಣ್ಣದ ಕಲೆ ಬಿಡುತ್ತದೆ. ಕಿಟಕಿ ಗಾಜಿಗೆ ಹೊಡೆಯುವ ನೀಲಿ ದ್ರವವೂ ಬೇಡ.

ಹಗಲು, ಫ್ಯಾನ್ ಬಂದ್ ಮಾಡಿ, ಕೈ ತೊಳೆದು ಕೂತೆವು. ಅರ್ಧ ತಾಸು ಹಿಡಿದದ್ದು ಒರೆಸುವುದಕ್ಕಲ್ಲ, ಊದುವುದಕ್ಕೆ. ಲೆನ್ಸನ್ನು ಸ್ವಲ್ಪ ಕೆಳಮುಖ ಮಾಡಿ ಬಲ್ಬಿನಿಂದ ಗಾಳಿ ಬಿಡುತ್ತ ಗಟ್ಟಿ ಕಣಗಳನ್ನು ಹಾರಿಸಿದೆವು. ಬಾಯಿಯಿಂದ ಊದಬಾರದು, ಉಗುಳು ಸಿಡಿಯುತ್ತದೆ. ಅಂಟಿಕೊಂಡವನ್ನು ಮೆತ್ತನೆಯ ಹೊಸ ಬ್ರಷ್ಷಿನ ತುದಿಯಿಂದ ಎತ್ತಿದೆ. ಆಮೇಲೆ ಆಲ್ಕೊಹಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಬೆರೆಸಿ ಹತ್ತಿಗೆ ಹಾಕಿದೆ. ಲೆನ್ಸಿನ ಮೇಲೆ ನೇರವಾಗಿ ಸುರಿಯಬಾರದು. ಮುಂದಿನ ಲೆನ್ಸ್ ಎಂದು ನಾವು ಕರೆಯುವುದು ಎರಡು ಗಾಜುಗಳ ಜೋಡಿ, ದ್ರವ ಅಂಚಿನಿಂದ ನಡುವೆ ಇಳಿದರೆ ಹೊರಗೆ ತೆಗೆಯುವುದು ಕಷ್ಟ. ಬಿಚ್ಚಿ ತೊಳೆಯುತ್ತೇನೆ ಎನ್ನುವ ಎಂಜಿನಿಯರಿಂಗ್ ಉತ್ಸಾಹವನ್ನೂ ಹಾಸ್ಟೆಲಿನಲ್ಲೇ ಬಿಟ್ಟು ಬರಬೇಕು. ಆ ಗಾಜುಗಳ ನಡುವಿನ ಅಂತರ, ಅವು ಕೂತಿರುವ ರೀತಿ ಕೆಟ್ಟರೆ ನಕ್ಷತ್ರ ಮತ್ತೆ ಚುಕ್ಕಿಯಾಗಿ ಕಾಣಲಿಕ್ಕಿಲ್ಲ.

ಹತ್ತಿಯ ಉಂಡೆಯನ್ನು ಒತ್ತಬಾರದು, ಅದರ ಭಾರವೇ ಸಾಕು. ನಡುವಿನಿಂದ ಅಂಚಿಗೆ ಒಂದೇ ಸಲ ಎಳೆದು ಆ ಉಂಡೆಯನ್ನು ಎಸೆಯಬೇಕು. ಅದೇ ಹತ್ತಿಯಿಂದ ಗುಂಡಗೆ ತಿಕ್ಕಿದರೆ ಹಿಡಿದ ಕಣವನ್ನೇ ಇಡೀ ಗಾಜಿನ ಮೇಲೆ ಮೆರವಣಿಗೆ ಮಾಡಿಸಿದಂತೆ. ನಮಗೆ ಇಪ್ಪತ್ತಮೂರು ಉಂಡೆ ಬೇಕಾದವು. ಮಾಮಾ ಪಕ್ಕದಲ್ಲಿ ಕೂತು ಒಂದೊಂದಾಗಿ ಎಣಿಸಿ ಕೊಟ್ಟರು. ಮೊದಲ ಉಂಡೆಗಳು ಚಹಾದ ಬಣ್ಣಕ್ಕೆ ತಿರುಗಿದವು, ಕೊನೆಯವು ಬೆಳ್ಳಗೇ ಉಳಿದವು. ಅಂಚಿನಲ್ಲಿ ಎರಡು ಮಸುಕು ಕಲೆ ಹೋಗಲಿಲ್ಲ. ನಾನು ಮತ್ತೊಂದು ಉಂಡೆಗೆ ಕೈ ಚಾಚಿದಾಗ ಮಾಮಾ ಹತ್ತಿಯ ಡಬ್ಬಿ ಮುಚ್ಚಿದರು.

ಆ ರಾತ್ರಿ ಚಂದ್ರನ ಅಂಚಿನಾಚೆ ಕಪ್ಪು ಕಪ್ಪಾಗಿಯೇ ಇತ್ತು. ಗುರುವಿನ ಬಾಲ ಮಾತ್ರ ಇದ್ದಲ್ಲೇ ಇದೆ, ಗೆರೆಗಳಿಗೆ ಹತ್ತಿಯಲ್ಲಿ ಮದ್ದಿಲ್ಲ.

ಈಗ ಕೊಳವೆಯ ಮುಂದೆ ಕಪ್ಪು ಡ್ರಾಯಿಂಗ್ ಶೀಟ್ ಸುತ್ತಿ ಒಂದು ಅಡಿ ಉದ್ದದ ಟೊಪ್ಪಿಗೆ ಮಾಡಿದ್ದೇವೆ. ಇಬ್ಬನಿ ಬೇಗ ಕಟ್ಟುವುದಿಲ್ಲ, ಚಿಕ್ಕ ಕೈಗಳೂ ಗಾಜಿನವರೆಗೆ ಮುಟ್ಟುವುದಿಲ್ಲ. ಅಷ್ಟಾಗಿಯೂ ಒದ್ದೆಯಾದರೆ ತಾನಾಗಿ ಆರುವವರೆಗೆ ಮುಚ್ಚಳ ಹಾಕುವುದಿಲ್ಲ. ಒದ್ದೆ ಲೆನ್ಸಿಗೆ ಮುಚ್ಚಳ ಹಾಕಿಟ್ಟರೆ ಬೂಸ್ಟು ಹಿಡಿಯುತ್ತದೆ. ಕಬ್ಬಿನ ಹಂಗಾಮು ಮುಗಿಯುವವರೆಗೆ ರಬ್ಬರ್ ಬಲ್ಬ್ ಬಿಟ್ಟು ಬೇರೇನನ್ನೂ ಹತ್ತಿರ ತರಬಾರದೆಂದು ಮಾಮಾನ ಆಜ್ಞೆ. ಜನವರಿಯಲ್ಲಿ ಹುಕ್ಕೇರಿ ಕಡೆಯ ಎರಡು ಶಾಲೆಯವರು ಕರೆದಿದ್ದಾರೆ. ಒಂದರ ಕಾಂಪೌಂಡಿಗೆ ಹತ್ತಿಕೊಂಡೇ ಕಬ್ಬಿನ ಹೊಲವಿದೆ. ರವದಿ ಯಾವತ್ತು ಸುಡುತ್ತೀರಿ ಎಂದು ಆ ಹೊಲದ ಕಾಕಾನನ್ನು ಕೇಳಿಕೊಂಡೇ ತಾರೀಖು ಗೊತ್ತು ಮಾಡಿದ್ದೇವೆ. ಅವರೂ ಮೊಮ್ಮಗಳನ್ನು ಕರೆದುಕೊಂಡು ಬರುತ್ತಾರಂತೆ.