ಹಳೆಯ ಫ್ರಿಜ್‌ಗೆ ಹೊಸ ಶೀತಕ: ಗ್ಯಾಸ್ ಬದಲಿಸಿದರಷ್ಟೇ ಸಾಕೇ?

ಏಪ್ರಿಲ್ ಬಿಸಿಲು. ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ಯಳಂದೂರಿನಲ್ಲೋ ಔಷಧಿ ಅಂಗಡಿಯೊಂದರ ಹಳೆಯ ಫ್ರಿಜ್ ಕೆಟ್ಟಿದೆಯೆಂದು ಭಾವಿಸಿ. ಮೆಕ್ಯಾನಿಕ್ ಬಂದು, "ಗ್ಯಾಸ್ ಹೋಗಿದೆ ಸಾರ್, ಹಳೇದು ಈಗ ಸಿಗಲ್ಲ, ಬೇರೆ ಹಾಕ್ತೀನಿ" ಎನ್ನುತ್ತಾರೆ. ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ ಇನ್ಸುಲಿನ್ ಇದೆ. ಬೇರೆ ಗ್ಯಾಸ್ ಹಾಕಿದರೆ ಫ್ರಿಜ್ ಮೊದಲಿನಂತೆ ಕೆಲಸ ಮಾಡುವುದೇ? ಭೌತಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸೋಣ.

ಅಂಗೈ ಮೇಲೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವುದು ನಿಮಗೆ ಗೊತ್ತು. ದ್ರವ ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ಕೈಯಿಂದ ಪಡೆಯುತ್ತದೆ. ಫ್ರಿಜ್‌ನಲ್ಲಿ ಆಗುವುದೂ ಇದೇ. ಶೀತಕವು ಒಳಗಿನ ಕೊಳವೆಯಲ್ಲಿ ಆವಿಯಾಗಿ ಉಷ್ಣವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂಬದಿಯ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಅದು ಉಷ್ಣವನ್ನು ಹೊರಚೆಲ್ಲಿ ದ್ರವವಾಗಿ, ತೀರ ಸಣ್ಣ ರಂಧ್ರದ ಲೋಮನಾಳದ ಮೂಲಕ ಮರಳುತ್ತದೆ.

ಹಳೆಯ ಫ್ರಿಜ್‌ಗಳಲ್ಲಿದ್ದ ಶೀತಕ ಆರ್-12 ಎಂಬ ಕ್ಲೋರೋಫ್ಲೋರೋಕಾರ್ಬನ್. ಇದರ ಕ್ಲೋರಿನ್ ಓಜೋನ್ ಪದರವನ್ನು ನಾಶಪಡಿಸುತ್ತದೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಏರ್ಪಟ್ಟಿತು; ಭಾರತ 1992ರಲ್ಲಿ ಅದನ್ನು ಅಂಗೀಕರಿಸಿತು. 2010ರ ಹೊತ್ತಿಗೆ ಶೀತಕವಾಗಿ ಇದರ ಬಳಕೆಗೆ ತೆರೆ ಬಿತ್ತು. ಇದರ ಬದಲಿಗೆ ಬಂದದ್ದು ಕ್ಲೋರಿನ್ ಇಲ್ಲದ ಆರ್-134ಎ.

ಇವೆರಡರ ಕುದಿಬಿಂದುಗಳು ಹತ್ತಿರ ಹತ್ತಿರವೇ ಇವೆ: ಆರ್-12ಕ್ಕೆ ಸುಮಾರು -30 ಡಿಗ್ರಿ, ಆರ್-134ಎಗೆ -26 ಡಿಗ್ರಿ. ಆದರೆ ಒತ್ತಡಗಳನ್ನು ಗಮನಿಸಿ. ಒಳಗೆ -25 ಡಿಗ್ರಿ, ಕಂಡೆನ್ಸರ್‌ನಲ್ಲಿ 55 ಡಿಗ್ರಿ ಇದ್ದಾಗ ಆರ್-12ರ ಆವಿಯ ಒತ್ತಡ 1.24 ಬಾರ್‌ನಿಂದ 13.7 ಬಾರ್‌ಗೆ ಏರಬೇಕು, ಅಂದರೆ 11 ಪಟ್ಟು. ಆರ್-134ಎಯ ಒತ್ತಡ 1.06ರಿಂದ 14.9 ಬಾರ್‌ಗೆ, ಅಂದರೆ 14 ಪಟ್ಟು ಏರಬೇಕು. ಹಳೆಯ ಕಂಪ್ರೆಸರ್‌ಗೆ ಇದು ಹೆಚ್ಚಿನ ಹೊರೆ. ಕಂಡೆನ್ಸರ್‌ನ ತಾಪ 45 ಡಿಗ್ರಿಗೆ ಇಳಿದರೆ ಮೇಲಿನ ಒತ್ತಡ 11.6 ಬಾರ್‌ಗೆ ಇಳಿದು, ಅನುಪಾತ ಮತ್ತೆ 11ರ ಆಸುಪಾಸಿಗೆ ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಮೇಲೆ ಸುಲಭವಾಗಿ ಓಡುವ ಫ್ರಿಜ್ ಕೊಳ್ಳೇಗಾಲದ ಬಯಲಿನಲ್ಲಿ ಏದುಸಿರು ಬಿಡುವುದು ಇದರಿಂದಲೇ. ಕಂಡೆನ್ಸರ್‌ನ ಧೂಳು ತೆಗೆದು, ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಖರ್ಚಿಲ್ಲದೆ ಲಾಭವಿದೆ.

ಎರಡನೆಯ ತೊಡಕು ಎಣ್ಣೆಯದು. ಆರ್-12 ಖನಿಜ ಎಣ್ಣೆಯೊಡನೆ ಬೆರೆಯುತ್ತದೆ, ಆರ್-134ಎ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಕೊಳವೆಗಳಲ್ಲೇ ಉಳಿದು, ಕಂಪ್ರೆಸರ್ ಒಣಗಿ ಸವೆಯುತ್ತದೆ. ಆದ್ದರಿಂದ ಅದನ್ನು ಬಿಚ್ಚಿ, ಬೋರಲು ಹಾಕಿ ಹಳೆಯ ಎಣ್ಣೆ ಸುರಿದು, ಪಾಲಿಯೋಲ್ ಎಸ್ಟರ್ ಎಣ್ಣೆ ತುಂಬಬೇಕು. ಈ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಹಾಗಾಗಿ ತೇವಹೀರುವ ಡ್ರೈಯರ್ ಬದಲಿಸಿ, ಪಂಪಿನಿಂದ ಚೆನ್ನಾಗಿ ನಿರ್ವಾತ ಮಾಡಿದ ಬಳಿಕವೇ ಗ್ಯಾಸ್ ತುಂಬಬೇಕು.

ಮೂರನೆಯ ದಾರಿ ಪ್ರೋಪೇನ್ ಮತ್ತು ಐಸೋಬ್ಯುಟೇನ್‌ಗಳ ಸಮ ಮಿಶ್ರಣ. ಇದರ ಒತ್ತಡ ಆರ್-12ಕ್ಕೆ ಸಮೀಪ; ಹಳೆಯ ಎಣ್ಣೆಯೂ ನಡೆಯುತ್ತದೆ. ಸಾಂದ್ರತೆ ಕಡಿಮೆಯಾದ್ದರಿಂದ 100 ಗ್ರಾಂ ಆರ್-12ರ ಜಾಗದಲ್ಲಿ ಸುಮಾರು 40 ಗ್ರಾಂ ಸಾಕು. ಆದರೆ ಇದು ಹೊತ್ತಿಕೊಳ್ಳುವ ಅನಿಲ. ಘನಮೀಟರ್ ಗಾಳಿಗೆ ಸುಮಾರು 40 ಗ್ರಾಂ ಬೆರೆತರೆ ಕಿಡಿ ತಾಗಿದಾಗ ಉರಿಯುತ್ತದೆ. 27 ಘನಮೀಟರ್ ಕೋಣೆಯಲ್ಲೆಲ್ಲ ಸಮನಾಗಿ ಹರಡಿದರೆ ಈ ಮಟ್ಟಕ್ಕೆ ಒಂದು ಕಿಲೋಗ್ರಾಂಗೂ ಹೆಚ್ಚು ಬೇಕು. 165 ಲೀಟರ್ ಫ್ರಿಜ್‌ನ ಒಳಗೇ ಸೋರಿದರೆ? 0.165 × 40 = 6.6 ಗ್ರಾಂ ಸಾಕು! ಹಳೆಯ ಫ್ರಿಜ್‌ನ ಥರ್ಮೋಸ್ಟಾಟ್ ಮತ್ತು ದೀಪದ ಸ್ವಿಚ್ ಕಿಡಿ ಹಾರಿಸುವುದು ಅಲ್ಲೇ. ಅಂಥ ಸ್ವಿಚ್ಚುಗಳನ್ನು ಕಿಡಿ ಹೊರಬಾರದಂತೆ ಮುಚ್ಚದೆ ಈ ಮಿಶ್ರಣ ತುಂಬುವುದು ಅಪಾಯ. ಅಡುಗೆ ಅನಿಲವನ್ನಂತೂ ತುಂಬಲೇಬಾರದು. ಅದರ ಪ್ರಮಾಣ ನಿಶ್ಚಿತವಲ್ಲ, ತೇವ ಮತ್ತು ಗಂಧಕದ ಸಂಯುಕ್ತಗಳೂ ಇರುತ್ತವೆ.

ಇಂದಿನ ಹೊಸ ಫ್ರಿಜ್‌ಗಳ ಐಸೋಬ್ಯುಟೇನನ್ನು, ಅಂದರೆ ಆರ್-600ಎಯನ್ನು, ಆರ್-134ಎ ಫ್ರಿಜ್‌ಗೆ ಹಾಕಬಹುದೇ ಎಂದು ನೀವು ಕೇಳಬಹುದು. ಅದರ ಆವಿ ವಿರಳ. ಅಷ್ಟೇ ತಂಪಿಗೆ ಕಂಪ್ರೆಸರ್ ಸುಮಾರು ಎರಡರಷ್ಟು ಗಾತ್ರದ ಆವಿಯನ್ನು ಎಳೆಯಬೇಕು. ಹಳೆಯ ಕಂಪ್ರೆಸರ್‌ನಿಂದ ಅದು ಸಾಧ್ಯವಿಲ್ಲ.

ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದೂ ತರವಲ್ಲ. 100 ಗ್ರಾಂ ಆರ್-12 ಭೂಮಿಯನ್ನು ಸುಮಾರು ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಮಾಡುತ್ತದೆ. ಅಷ್ಟೇ ಆರ್-134ಎ ಸುಮಾರು 143 ಕಿಲೋಗ್ರಾಂನಷ್ಟು. ಹೈಡ್ರೋಫ್ಲೋರೋಕಾರ್ಬನ್‌ಗಳನ್ನೂ ಕಡಿಮೆ ಮಾಡಲು 2016ರ ಕಿಗಾಲಿ ತಿದ್ದುಪಡಿ ಬಂದದ್ದು ಇದಕ್ಕಾಗಿ. ಭಾರತ ಅದನ್ನು 2021ರಲ್ಲಿ ಅಂಗೀಕರಿಸಿತು.

ಒಟ್ಟಿನಲ್ಲಿ ಶೀತಕ, ಎಣ್ಣೆ, ಕಂಪ್ರೆಸರ್, ಲೋಮನಾಳ ಇವು ಒಂದೇ ಕುಟುಂಬ. ಒಂದನ್ನು ಬದಲಿಸಿದರೆ ಉಳಿದವುಗಳನ್ನು ವಿಚಾರಿಸಲೇಬೇಕು. ಶಿಕ್ಷಕರೇ, ಮನೆಯ ಫ್ರಿಜ್‌ನ ಹಿಂದಿನ ಫಲಕದಲ್ಲಿ ಶೀತಕದ ಹೆಸರು ಮತ್ತು ತೂಕವನ್ನು ಓದಿ ಬರೆದು ತರಲು ವಿದ್ಯಾರ್ಥಿಗಳಿಗೆ ಹೇಳಿ. ಫ್ರಿಜ್ಜನ್ನು ಬಿಚ್ಚುವುದು ಬೇಡ. ಆ ಒಂದು ಸಾಲು ನಿಮ್ಮ ತರಗತಿಯ ಇಡೀ ಉಷ್ಣಶಾಸ್ತ್ರ ಪಾಠಕ್ಕೆ ಸಾಕಾಗುತ್ತದೆ.