ಕಂಪ್ಯೂಟರ್ ಓದಬಲ್ಲದು, ನೋಟ್ಸ್ ಬಿಡಬೇಕಲ್ಲ!

ಕಣ್ಣು ಕಾಣದ ವಿದ್ಯಾರ್ಥಿ ಕಾಲೇಜಿನ ಲ್ಯಾಬಿನಲ್ಲಿ ಕೂತರೆ ಮೌಸಿನ ಗೋಜಿಗೇ ಹೋಗುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್, ಬೆರಳು ಕೀಬೋರ್ಡಿನ ಮೇಲೆ. ಎಚ್ ಒತ್ತಿದರೆ ವೆಬ್ ಪುಟದ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಮುಂದಿನ ಲಿಂಕ್. ಪಳಗಿದವರು ಧ್ವನಿಯನ್ನು ಎಷ್ಟು ವೇಗವಾಗಿ ಓಡಿಸುತ್ತಾರೆಂದರೆ, ಪಕ್ಕದವರಿಗೆ ಒಂದು ಪದವೂ ಹಿಡಿಯುವುದಿಲ್ಲ.

ಪರದೆಯ ಮೇಲಿರುವುದನ್ನು ಹೀಗೆ ಓದಿಹೇಳುವ ಎನ್‌ವಿಡಿಎ ತಂತ್ರಾಂಶವನ್ನು 2006ರಲ್ಲಿ ಬರೆಯತೊಡಗಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರೂ, ಅವರ ಜೊತೆಗೂಡಿದ ಜೇಮ್ಸ್ ಟೆ ಕೂಡ ದೃಷ್ಟಿ ಇಲ್ಲದವರೇ. ಇದೇ ಕೆಲಸ ಮಾಡುವ ಜಾಸ್‌ನಂಥ ತಂತ್ರಾಂಶಗಳು ಬಡ ವಿದ್ಯಾರ್ಥಿಯ ಕೈಗೆಟುಕದಷ್ಟು ದುಬಾರಿಯಾಗಿದ್ದ ಕಾಲವದು. ಎನ್‌ವಿಡಿಎ ಪೂರ್ತಿ ಉಚಿತ, ಪೆನ್‌ಡ್ರೈವಿನಿಂದಲೂ ನಡೆಯುತ್ತದೆ. ಅದರೊಂದಿಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ.

ಅಂದಮೇಲೆ ತೊಡಕು ಎಲ್ಲಿ? ಮೇಷ್ಟ್ರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ನೋಟ್ಸಿನಲ್ಲಿ.

ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಣ್ಣಿಗೆ ಕಾಣುವುದು ಕನ್ನಡವೇ. ಫೈಲಿನೊಳಗೆ ಕೂತಿರುವುದು ಮಾತ್ರ ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಕ್ಯೂ, ನಡುನಡುವೆ ಯುರೋಪಿನ ಇನ್ನಷ್ಟು ಅಕ್ಷರಗಳು. ತಂತ್ರಾಂಶ ಓದುವುದು ಒಳಗಿರುವುದನ್ನು. ಹಾಗಾಗಿ ಪಾಠದುದ್ದಕ್ಕೂ ಕಿವಿಗೆ ಬೀಳುವುದು ಅರ್ಥವಿಲ್ಲದ ಗದ್ದಲ. ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿದರೆ ಅಷ್ಟೂ ಇಲ್ಲ, ಬರೀ ಮೌನ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕೆನ್ನುತ್ತದೆ. ಸೀಟು ಕೊಟ್ಟು ನೋಟ್ಸ್ ಕೊಡದಿದ್ದರೆ ಆ ವಿದ್ಯಾರ್ಥಿ ಓದುವುದಾದರೂ ಹೇಗೆ? ಗೆಳೆಯರು ಬಿಡುವು ಮಾಡಿಕೊಂಡು ಓದಿಹೇಳುವವರೆಗೆ ಕಾಯಬೇಕು. ಪರೀಕ್ಷೆ ಹತ್ತಿರ ಬಂದಾಗ ಯಾರಿಗಿದೆ ಬಿಡುವು?

ಲ್ಯಾಬಿನಲ್ಲಿ ಸುಮ್ಮನೆ ಬಿದ್ದಿರುವ ಸವಲತ್ತುಗಳು ಇನ್ನೂ ಇವೆ. ಒಂದೇ ಕೈಯಲ್ಲಿ ಟೈಪ್ ಮಾಡುವವರು ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಎದ್ದು ಬರುತ್ತದೆ. ಕಂಟ್ರೋಲ್, ಆಲ್ಟ್, ಡಿಲೀಟ್‌ಗಳನ್ನು ಒಟ್ಟಿಗೆ ಅದುಮುವ ಕಷ್ಟವಿಲ್ಲ, ಒಂದಾದ ಮೇಲೊಂದು ಒತ್ತಿದರೆ ಸಾಕು. ಮಂದದೃಷ್ಟಿಯವರಿಗೆ ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಪರದೆ ಹಿಗ್ಗುತ್ತದೆ. ಇದಕ್ಕೆಲ್ಲ ಟೆಂಡರ್ ಬೇಕಿಲ್ಲ, ತೋರಿಸಿಕೊಡುವವರೊಬ್ಬರು ಬೇಕು.

ನೋಟ್ಸಿನ ಮದ್ದೂ ದೂರವಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ, ಫೈಲಿನೊಳಗೂ ಕನ್ನಡವನ್ನು ಕನ್ನಡವಾಗಿಯೇ ಇಡುವ ಯೂನಿಕೋಡ್ ಇದೆ. ಹಳೆಯ ಫೈಲುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅಚ್ಚಾದ ಪುಟವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡ ಅಕ್ಷರಗಳನ್ನು ಗುರುತಿಸುತ್ತದೆ. ಒತ್ತಕ್ಷರಗಳಲ್ಲಿ ಎಡವಿದ್ದನ್ನು ಒಬ್ಬರು ಕೂತು ತಿದ್ದಬೇಕಷ್ಟೆ. ಹಕ್ಕುಸ್ವಾಮ್ಯದ ಭಯವೂ ಬೇಡ. ವಿಕಲಚೇತನರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಲಾಭದಾಸೆಯಿಲ್ಲದೆ ಮಾರ್ಪಡಿಸಿ ಕೊಡಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅನುಮತಿ ನೀಡಿದೆ. ಆ ಕೆಲಸವನ್ನು ಕಾಲೇಜಿನ ಗ್ರಂಥಾಲಯ ಸೆಮಿಸ್ಟರ್ ಶುರುವಾಗುವ ಮೊದಲೇ ಮುಗಿಸಿಡಬಹುದು.